ಟ್ರಸ್ಟಿನ ಶೇರು ಮಾರಾಟ: ಮೂರು ಕಾಗದಗಳಲ್ಲಿ ಮೂರು ಮೊತ್ತ ಬಂದರೆ

ನಿಮ್ಮ ಅಜ್ಜ ಮೊಮ್ಮಕ್ಕಳಿಗಾಗಿ ಮಾಡಿಟ್ಟ ಖಾಸಗಿ ಟ್ರಸ್ಟಿಗೆ ನೀವು ಟ್ರಸ್ಟಿ. 2024-25ರಲ್ಲಿ ಮಾರಿದ ಶೇರುಗಳ ಮೊತ್ತ ಬ್ರೋಕರನ ಪಟ್ಟಿಯಲ್ಲಿ ಒಂದು, ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇದೆ. ರಿಟರ್ನಿನಲ್ಲಿ ಯಾವುದನ್ನು ಬರೆಯಬೇಕೆಂದು ಕೇಳಿದ್ದೀರಿ. ನಾನು ಸಿಎ ಅಲ್ಲ. ಮುಂಬೈಯ ಫೋರ್ಟ್ ಭಾಗದ ಕಚೇರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಮಾಟುಂಗದಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವ 2012ರಲ್ಲಿ ಮಾಡಿಟ್ಟ ಇಂಥದ್ದೇ ಟ್ರಸ್ಟಿನ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದೇನೆ.

ಮೂರರಲ್ಲಿ ಯಾವುದನ್ನೂ ಹಾಗೆಯೇ ಎತ್ತಿ ಬರೆಯಬೇಡಿ. ಕೊಳ್ಳುವ-ಮಾರುವ ವ್ಯವಹಾರಕ್ಕೆ ಬ್ರೋಕರ್ ಕೊಡುವ ಕಾಂಟ್ರಾಕ್ಟ್ ನೋಟುಗಳನ್ನು ಮುಂದಿಟ್ಟುಕೊಂಡು ನಿಮ್ಮದೇ ಪಟ್ಟಿಯನ್ನು ಸಿದ್ಧಪಡಿಸಿ, ಅದರಲ್ಲಿ ರೂಪಾಯಿಗಿಂತ ಮೊದಲು ಶೇರುಗಳ ಸಂಖ್ಯೆಯನ್ನು ತಾಳೆ ಮಾಡಿ. ಏಪ್ರಿಲ್ 1ರಂದು ಡಿಮ್ಯಾಟ್ ಖಾತೆಯಲ್ಲಿ (ಶೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ಇದ್ದ ಶಿಲ್ಕಿಗೆ ಕೊಂಡದ್ದು, ಕಂಪನಿ ಉಚಿತವಾಗಿ ಕೊಡುವ ಬೋನಸ್ ಮತ್ತು ಒಂದು ಶೇರನ್ನು ಹಲವಾಗಿ ಒಡೆಯುವ ಸ್ಪ್ಲಿಟ್‌ನಿಂದ ಬಂದದ್ದನ್ನು ಕೂಡಿಸಿ, ಮಾರಿದ್ದನ್ನು ಕಳೆದರೆ ಮಾರ್ಚ್ 31ರ ಶಿಲ್ಕು ಬರಬೇಕು. ಸಂಖ್ಯೆಯೇ ಕೂಡದಿದ್ದಾಗ ರೂಪಾಯಿಯ ವ್ಯತ್ಯಾಸವನ್ನು ಹುಡುಕುತ್ತ ಕೂರುವುದು ವ್ಯರ್ಥ.

ಸಂಖ್ಯೆ ಕೂಡಿದ ಮೇಲೆ ಮೊತ್ತಗಳು ಏಕೆ ಬೇರೆಯಾಗುತ್ತವೆ ಎಂಬುದು ಒಂದೇ ವ್ಯವಹಾರವನ್ನು ಬಿಡಿಸಿದರೆ ತಿಳಿಯುತ್ತದೆ. 1,250 ರೂಪಾಯಿಯಂತೆ 200 ಶೇರು ಮಾರಿದಿರಿ ಎನ್ನೋಣ. ಮಾರಾಟದ ಮೌಲ್ಯ 2,50,000. ಬ್ರೋಕರೇಜ್ 500, ಅದರ ಮೇಲೆ ಜಿಎಸ್‌ಟಿ 90, ಎಸ್‌ಟಿಟಿ (ಶೇರು ವ್ಯವಹಾರದ ತೆರಿಗೆ) 250 ಹೋಗಿ, ಎಕ್ಸ್‌ಚೇಂಜಿನ ಚಿಲ್ಲರೆ ಶುಲ್ಕವನ್ನು ಬದಿಗಿಟ್ಟರೆ, ಬ್ಯಾಂಕಿಗೆ ಬರುವುದು 2,49,160. ಎಐಎಸ್‌ನಲ್ಲಿ ಡಿಪಾಸಿಟರಿ (ಡಿಮ್ಯಾಟ್ ಖಾತೆಗಳನ್ನು ಇಡುವ ಸಂಸ್ಥೆ) ಕೊಡುವ ಮೊತ್ತವಾದರೋ ಆ ದಿನದ ಮುಕ್ತಾಯದ ಬೆಲೆಯಿಂದ ಹಾಕಿದ ಅಂದಾಜು. ಬೆಲೆ 1,262ಕ್ಕೆ ಮುಗಿದಿದ್ದರೆ ಅಲ್ಲಿ 2,52,400 ಕಾಣುತ್ತದೆ. ರಿಟರ್ನಿನಲ್ಲಿ ಬರೆಯಬೇಕಾದದ್ದು 2,50,000, ಮಾರಾಟದ ವೆಚ್ಚವೆಂದು ಕಳೆಯಬಹುದಾದದ್ದು 590. ಎಸ್‌ಟಿಟಿಯ 250 ರೂಪಾಯಿಯನ್ನು ಬಂಡವಾಳ ಲಾಭದಿಂದ ಕಳೆಯುವಂತಿಲ್ಲ. ಪಾಸ್‌ಬುಕ್ಕಿನ ಮೊತ್ತವನ್ನೇ ಮಾರಾಟದ ಬೆಲೆಯೆಂದು ಬರೆಯುವವರು ಅದನ್ನು ಅರಿವಿಲ್ಲದೆಯೇ ಕಳೆದುಬಿಟ್ಟಿರುತ್ತಾರೆ.

ವರ್ಷದ ಕೊನೆಯ ವ್ಯವಹಾರಗಳನ್ನು ಪ್ರತ್ಯೇಕವಾಗಿ ನೋಡಿ. 2025ರ ಮಾರ್ಚ್ 28ರ ಶುಕ್ರವಾರ ಮಾರಿದ್ದರೆ ಹಣ ಬ್ಯಾಂಕಿಗೆ ಬಂದಿರುವುದು ಏಪ್ರಿಲ್‌ನಲ್ಲಿ; ಆದರೂ ಕಾಂಟ್ರಾಕ್ಟ್ ನೋಟಿನ ದಿನಾಂಕವೇ ಲೆಕ್ಕಕ್ಕೆ ಬರುವುದರಿಂದ ಅದು 2024-25ರ ಮಾರಾಟವೇ. 2024ರ ಜುಲೈ 23ರಿಂದ ಲಿಸ್ಟೆಡ್ (ಎಕ್ಸ್‌ಚೇಂಜಿನಲ್ಲಿ ವಹಿವಾಟಾಗುವ) ಶೇರುಗಳ ದೀರ್ಘಾವಧಿ (ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡವುಗಳ) ಲಾಭದ ತೆರಿಗೆ ದರ ಶೇ. 10ರಿಂದ 12.5ಕ್ಕೂ ಅಲ್ಪಾವಧಿಯದು 15ರಿಂದ 20ಕ್ಕೂ ಏರಿದ್ದರಿಂದ, ಪಟ್ಟಿಯನ್ನು ಆ ದಿನಾಂಕಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿಕೊಳ್ಳಿ.

ಟ್ರಸ್ಟುಗಳಿಗೇ ವಿಶೇಷವಾದ ತೊಡಕೊಂದಿದೆ, ನನಗೆ ಪೆಟ್ಟು ಬಿದ್ದದ್ದೂ ಅಲ್ಲಿಯೇ. ಖಾಸಗಿ ಟ್ರಸ್ಟಿನ ಡಿಮ್ಯಾಟ್ ಖಾತೆ ಅನೇಕ ಸಲ ಟ್ರಸ್ಟಿಗಳ ಸ್ವಂತ ಹೆಸರಿನಲ್ಲಿರುತ್ತದೆ. ಒಂದು ವರ್ಷ ಟ್ರಸ್ಟಿನ ಪ್ಯಾನ್‌ನ ಎಐಎಸ್‌ನಲ್ಲಿ ಮಾರಾಟವೇನೂ ಕಾಣಲಿಲ್ಲವೆಂದು ನಾನು ನಿಶ್ಚಿಂತನಾಗಿದ್ದೆ. ಆ ಮಾರಾಟವೆಲ್ಲ ನನ್ನ ಸ್ವಂತ ಪ್ಯಾನ್‌ನಡಿ ಕುಳಿತಿತ್ತು, ಇಲಾಖೆಯ ಸಂದೇಶ ಬಂದ ಮೇಲಷ್ಟೇ ಗೊತ್ತಾಯಿತು. ಆದ್ದರಿಂದ ಎಲ್ಲ ಟ್ರಸ್ಟಿಗಳ ಎಐಎಸ್‌ಗಳನ್ನೂ ಇಳಿಸಿಕೊಂಡು ನೋಡಿ. ಟ್ರಸ್ಟಿನ ಮಾರಾಟ ಅಲ್ಲಿ ಕಂಡರೆ, ಆ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದೆಂಬ ಪ್ರತಿಕ್ರಿಯೆಯನ್ನು ಅಲ್ಲಿಯೇ ದಾಖಲಿಸಿ, ಆದಾಯವನ್ನು ಟ್ರಸ್ಟಿನ ರಿಟರ್ನಿನಲ್ಲಿ ತೋರಿಸಿ.

ಕೊಂಡ ಬೆಲೆಯ ವಿಷಯದಲ್ಲಿ ಬ್ರೋಕರನ ಪಟ್ಟಿಯನ್ನು ನಂಬಲೇಬೇಡಿ. ಅಜ್ಜನ ಖಾತೆಯಿಂದ ವರ್ಗವಾಗಿ ಬಂದ ಶೇರುಗಳಿಗೆ ಅಲ್ಲಿ ಸೊನ್ನೆಯೋ ಖಾಲಿ ಜಾಗವೋ ಇರುತ್ತದೆ. 1961ರ ಆದಾಯ ತೆರಿಗೆ ಕಾನೂನಿನ 49(1)ನೇ ಕಲಮಿನಂತೆ ಅವರು ಕೊಂಡ ಬೆಲೆಯೇ ಟ್ರಸ್ಟಿನ ಲೆಕ್ಕಕ್ಕೂ ಬೆಲೆ, ಅವರ ಬಳಿ ಇದ್ದ ಅವಧಿಯೂ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಮಾವನ ಖರೀದಿಗಳೆಲ್ಲ ಎಣ್ಣೆಕಲೆ ಬಿದ್ದ ಒಂದು ಬಿಲ್‌ಬುಕ್ಕಿನ ಬೆನ್ನಿಗೆ ಕನ್ನಡ ಅಂಕಿಗಳಲ್ಲಿದ್ದವು. ಸಿಎ ಕಚೇರಿಯ ಮರಾಠಿ ಹುಡುಗ ೬ನ್ನು ೯ ಎಂದು ಓದಿಕೊಂಡು ಒಂದು ಕಂಪನಿಯ ಬೆಲೆಯನ್ನೇ ಕೆಡಿಸಿದ್ದ. ಅಂಥ ಪುಸ್ತಕವಿದ್ದರೆ ನೀವೇ ಕುಳಿತು ನಕಲು ಮಾಡಿ. 2018ರ ಜನವರಿ 31ರವರೆಗೆ ಕೊಂಡ ಲಿಸ್ಟೆಡ್ ಶೇರುಗಳಿಗೆ ಆ ದಿನದ ಅತಿ ಹೆಚ್ಚಿನ ಬೆಲೆ ಮತ್ತು ಮಾರಿದ ಬೆಲೆ, ಈ ಎರಡರಲ್ಲಿ ಕಡಿಮೆಯದನ್ನು ಹಿಡಿದು, ಅದನ್ನು ನಿಜವಾಗಿ ಕೊಂಡ ಬೆಲೆಯೊಂದಿಗೆ ಹೋಲಿಸಿ, ಹೆಚ್ಚಿನದನ್ನು ವೆಚ್ಚವೆಂದು ತೆಗೆದುಕೊಳ್ಳಬೇಕು. ಒಂದೇ ಕಂಪನಿಯ ಶೇರನ್ನು ಹಲವು ಸಲ ಕೊಂಡಿದ್ದರೆ ಆಯಾ ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದೇ ಮೊದಲು ಹೋಯಿತೆಂದು ಎಣಿಸಬೇಕು.

ಮ್ಯೂಚುವಲ್ ಫಂಡ್ ಇದ್ದರೆ ಒಂದು ಯೋಜನೆಯಿಂದ ಇನ್ನೊಂದಕ್ಕೆ ಸ್ವಿಚ್ ಮಾಡಿದ್ದೂ ಮಾರಾಟವೇ. ಬ್ಯಾಂಕಿಗೆ ಹಣ ಬಾರದ ಕಾರಣ ಪಾಸ್‌ಬುಕ್ಕಿನಲ್ಲಿ ಅದರ ಸುಳಿವೂ ಇರುವುದಿಲ್ಲ.

ಫಲಾನುಭವಿಗಳ ಪಾಲು ನಿಗದಿಯಾಗಿದೆಯೇ, ಟ್ರಸ್ಟಿಗಳ ವಿವೇಚನೆಗೆ ಬಿಟ್ಟಿದೆಯೇ ಎಂದು ನೀವು ಬರೆದಿಲ್ಲ. ತೆರಿಗೆಯ ದಾರಿ 161ನೇ ಕಲಮಿನದೋ (ಪಾಲು ನಿಗದಿಯಾಗಿದ್ದರೆ) 164ನೆಯದೋ (ವಿವೇಚನೆಗೆ ಬಿಟ್ಟಿದ್ದರೆ) ಎಂಬುದು ಅದರಿಂದಲೇ ತೀರ್ಮಾನವಾಗುವುದರಿಂದ, ಸಿಎ ಬಳಿಗೆ ಹೋಗುವಾಗ ಪಟ್ಟಿಯ ಜೊತೆಗೆ ಟ್ರಸ್ಟ್ ಡೀಡನ್ನೂ ಒಯ್ಯಿರಿ. ಪಟ್ಟಿಯ ಕೊನೆಯ ಕಾಲಮಿನಲ್ಲಿ ಎಐಎಸ್‌ನೊಂದಿಗಿನ ಪ್ರತಿ ವ್ಯತ್ಯಾಸದ ಎದುರಿಗೂ ಅದರ ಕಾರಣವನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ.