17 ವರ್ಷ, ಬೈಕ್ ರೇಸಿಂಗ್‌ಗೆ ಇಳಿಯುವ ಆಸೆ. ಎಲ್ಲಿಂದ ಶುರು ಮಾಡಲಿ?

ನಿಮಗೆ 17 ವರ್ಷ, ಟ್ರ್ಯಾಕ್ ಮೇಲೆ ಇನ್ನೂ ಒಮ್ಮೆಯೂ ಓಡಿಸಿಲ್ಲ, ಸ್ನೇಹಿತನೊಬ್ಬ ತನ್ನ ಹಳೆಯ 600 ಸಿಸಿ ಬೈಕನ್ನು ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾನೆ. ತಗೊಳ್ಳಲಾ, ಈ ವಯಸ್ಸಿಗೆ ಶುರು ಮಾಡಿದರೆ ತಡವಾಯಿತಾ, ಮನೆಯಲ್ಲಿ ಹೇಗೆ ಒಪ್ಪಿಸಲಿ ಅಂತ ಕೇಳಿದ್ದೀರಿ. ನಾನು ಕ್ಲಬ್ ಮಟ್ಟದಲ್ಲಿ ಕೆಲವು ಸೀಸನ್ ಓಡಿಸಿ, ಈಗ ಹೊಸಬರಿಗೆ ಟ್ರ್ಯಾಕ್ ಮೇಲೆ ಕಲಿಸುತ್ತೇನೆ. ಆ ಅನುಭವದ ಮೇಲೆ ಹೇಳುತ್ತೇನೆ.

600 ಬೇಡ. 150ರಿಂದ 400 ಸಿಸಿ ಒಳಗಿನ ಬೈಕ್ ಸಾಕು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರು ಯಾರೂ ಈ ಮಾತನ್ನು ಒಂದೇ ಸಲಕ್ಕೆ ನಂಬುವುದಿಲ್ಲ. ದೊಡ್ಡ ಬೈಕ್ ನಿಮ್ಮ ತಪ್ಪುಗಳನ್ನು ಮುಚ್ಚಿಡುತ್ತದೆ. ತಿರುವಿಗೆ ಬಹಳ ಮೊದಲೇ ಬ್ರೇಕ್ ಹಿಡಿಯುತ್ತೀರಿ, ಹೆದರಿಕೊಂಡು ನಿಧಾನಕ್ಕೆ ತಿರುಗುತ್ತೀರಿ, ಆಮೇಲೆ ನೇರ ದಾರಿ ಸಿಕ್ಕ ತಕ್ಷಣ ಥ್ರಾಟಲ್ ಕೊಡುತ್ತೀರಿ. ಎಂಜಿನ್‌ನ ಶಕ್ತಿ ನಿಮ್ಮನ್ನು ಮುಂದಿನವನ ಹಿಂದಕ್ಕೆ ತಂದು ನಿಲ್ಲಿಸುತ್ತದೆ. ಲ್ಯಾಪ್ ಟೈಮ್ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಕಲಿತದ್ದು ಏನೂ ಇಲ್ಲ. ಸಣ್ಣ ಬೈಕ್‌ನಲ್ಲಿ ಈ ಆಟ ನಡೆಯುವುದಿಲ್ಲ. ತಿರುವಿನಲ್ಲಿ ಗಂಟೆಗೆ 5 ಕಿ.ಮೀ. ವೇಗ ಸುಮ್ನೆ ಕಳೆದುಕೊಂಡರೆ, ನೇರ ದಾರಿ ಮುಗಿಯುವವರೆಗೂ ಅದು ವಾಪಸ್ ಬರುವುದಿಲ್ಲ. ಎಲ್ಲಿ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಬಿದ್ದರೂ ಕಡಿಮೆ ವೇಗದಲ್ಲಿ ಬೀಳುತ್ತೀರಿ, ಟೈರ್ ಬೇಗ ಸವೆಯುವುದಿಲ್ಲ, ಮುರಿದ ಭಾಗಗಳೂ ಅಗ್ಗ. ಉಳಿದ ದುಡ್ಡಲ್ಲಿ ಇನ್ನೊಂದು ದಿನ ಟ್ರ್ಯಾಕ್ ಮೇಲೆ ಓಡಿಸಬಹುದು. ಹೊಸಬನಿಗೆ ಬೇಕಾಗಿರುವುದು ಹಾರ್ಸ್‌ಪವರ್ ಅಲ್ಲ, ಟ್ರ್ಯಾಕ್ ಮೇಲಿನ ಗಂಟೆಗಳು.

ಸಣ್ಣ ಎಂಜಿನ್ ಅಂದರೆ ಮಕ್ಕಳಾಟ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ವಿಶ್ವ ಚಾಂಪಿಯನ್‌ಶಿಪ್‌ನ ಅತಿ ಸಣ್ಣ ಬೈಕ್‌ಗಳ ವರ್ಗವಾದ ಮೋಟೊ3 2012ರಲ್ಲಿ ಶುರುವಾಗಿದ್ದೇ 250 ಸಿಸಿ, ಒಂದೇ ಸಿಲಿಂಡರ್‌ನ ಬೈಕ್‌ಗಳಿಂದ. ಅವು ನೇರ ದಾರಿಯಲ್ಲಿ ಗಂಟೆಗೆ 240 ಕಿ.ಮೀ. ವೇಗ ದಾಟುತ್ತವೆ. 2007ರಿಂದ ನಡೆಯುತ್ತಿರುವ ರೆಡ್ ಬುಲ್ ರೂಕೀಸ್ ಕಪ್‌ನಲ್ಲಿ ಹುಡುಗರು ಬೆಳೆದದ್ದೂ ಸಣ್ಣ ಬೈಕ್‌ಗಳ ಮೇಲೇ. ಸ್ಪೇನ್‌ನ ಪೆಡ್ರೊ ಅಕೋಸ್ಟಾ 2020ರಲ್ಲಿ ಆ ಕಪ್ ಗೆದ್ದ, ಮರುವರ್ಷವೇ ಮೋಟೊ3 ವಿಶ್ವ ಚಾಂಪಿಯನ್ ಆದ. ಆಗ ಅವನಿಗೆ ನಿಮ್ಮ ವಯಸ್ಸೇ.

ಇದನ್ನು ಓದಿ ಎದೆ ಧಸಕ್ ಅಂದಿರಬಹುದು. ತಡವಾಯಿತಾ ಅನ್ನುವ ಪ್ರಶ್ನೆಗೆ ಬೆಣ್ಣೆ ಹಚ್ಚದೆ ಹೇಳುತ್ತೇನೆ: ವಿಶ್ವ ಚಾಂಪಿಯನ್ ಆಗಬೇಕು ಅನ್ನುವುದೇ ಗುರಿಯಾದರೆ, ಹೌದು, ತಡವಾಗಿದೆ. ಆ ಮಟ್ಟದವರು ಬಹುಪಾಲು ನಾಲ್ಕೈದು ವರ್ಷಕ್ಕೇ ಪುಟ್ಟ ಬೈಕ್ ಹತ್ತಿದವರು. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಎಫ್‌ಐಎಂ 2021ರಲ್ಲಿ ಶುರು ಮಾಡಿದ, ಪುಟ್ಟ ಬೈಕ್‌ಗಳ ಮಿನಿಜಿಪಿ ಸರಣಿಯೇ 10ರಿಂದ 14 ವರ್ಷದವರಿಗೆ. ಆದರೆ ರೇಸಿಂಗ್ ಅಂದರೆ ಅದೊಂದೇ ಅಲ್ವಲ್ಲ. ಕ್ಲಬ್ ರೇಸ್, ಒನ್ ಮೇಕ್ ಕಪ್ (ಎಲ್ಲರೂ ಒಂದೇ ಮಾದರಿಯ ಬೈಕ್ ಓಡಿಸುವ ರೇಸ್), ರಾಷ್ಟ್ರೀಯ ಮಟ್ಟದ ರೇಸ್ ಇವುಗಳಲ್ಲಿ ಇಪ್ಪತ್ತು ದಾಟಿದ ಮೇಲೆ ಬಂದು ಚೆನ್ನಾಗಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಆಸ್ಟ್ರೇಲಿಯಾದ ಟ್ರಾಯ್ ಬೇಲಿಸ್ ಗೊತ್ತಲ್ಲ? ಚಿಕ್ಕವರಿದ್ದಾಗ ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸಿ ಬಿಟ್ಟಿದ್ದರು. ವಾಹನಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದವರು ಇಪ್ಪತ್ತು ದಾಟಿದ ಮೇಲೆ ರೋಡ್ ರೇಸಿಂಗ್‌ಗೆ ಬಂದರು. 2001, 2006, 2008 ಮೂರು ಸಲ ವರ್ಲ್ಡ್ ಸೂಪರ್‌ಬೈಕ್ ಚಾಂಪಿಯನ್ ಆದರು. ಇಂಥವರು ತೀರಾ ಅಪರೂಪ, ಒಪ್ಪುತ್ತೇನೆ. ಆದರೂ ಬಾಗಿಲು ಮುಚ್ಚಿಲ್ಲ.

ಶುರು ಮಾಡುವ ದಾರಿ ಅಷ್ಟೇನೂ ಗೋಜಲಿನದಲ್ಲ. ಮೊದಲು ಒಂದು ರೇಸಿಂಗ್ ಸ್ಕೂಲ್ ಅಥವಾ ಟ್ರ್ಯಾಕ್ ಡೇ, ಅಂದರೆ ರೇಸ್ ಇಲ್ಲದೆ ಯಾರು ಬೇಕಾದರೂ ದುಡ್ಡು ಕೊಟ್ಟು ಟ್ರ್ಯಾಕ್ ಮೇಲೆ ಓಡಿಸುವ ದಿನ. ಬೈಕ್, ಸೂಟ್ ಎಲ್ಲ ಬಾಡಿಗೆಗೆ ಸಿಗುವ ಕಡೆ ಹೋಗಿ. ಒಂದೇ ದಿನದಲ್ಲಿ ಇದು ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕೆಲವರಿಗೆ ಹಿಡಿಸುವುದಿಲ್ಲ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಹಿಡಿಸಿದರೆ ಎಫ್‌ಐಎಂ ಮಾನ್ಯತೆ ಇರುವ ನಿಮ್ಮ ದೇಶದ ಸಂಸ್ಥೆಯಿಂದ ರೇಸಿಂಗ್ ಲೈಸೆನ್ಸ್ ಮಾಡಿಸಬೇಕು. ಅದಕ್ಕೆ ಸಾಮಾನ್ಯವಾಗಿ ವೈದ್ಯಕೀಯ ಪರೀಕ್ಷೆ, ತರಬೇತಿ ಮುಗಿಸಿದ ಪತ್ರ ಕೇಳುತ್ತಾರೆ. ಆಮೇಲೆ ಒನ್ ಮೇಕ್ ಕಪ್ ನೋಡಿ. ಅಲ್ಲಿ ಎಲ್ಲರದೂ ಒಂದೇ ಮಾದರಿಯ ಬೈಕ್. ಸೋತರೆ ಬೈಕ್ ಮೇಲೆ ತಪ್ಪು ಹಾಕುವ ಹಾಗಿಲ್ಲ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ದುಡ್ಡು ಸಾಲದು ಅಂತ ಟ್ರ್ಯಾಕ್‌ನಿಂದ ದೂರ ಉಳಿಯಬೇಡಿ. ಟ್ರ್ಯಾಕ್ ಪಕ್ಕ ಬಾವುಟ ತೋರಿಸುವ ಮಾರ್ಷಲ್ ಆಗಿ ಹೋಗಿ ನಿಲ್ಲಿ, ಅಥವಾ ಯಾವುದಾದರೂ ತಂಡದಲ್ಲಿ ಸ್ಪ್ಯಾನರ್ ಕೊಡುವ ಕೆಲಸಕ್ಕೆ ಸೇರಿ. ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ಒಂದೇ ತಿರುವಿನಲ್ಲಿ ಇಡೀ ದಿನ ನಿಂತರೆ, ವೇಗದವನು ಎಲ್ಲಿ ಬ್ರೇಕ್ ಹಿಡಿದ, ಯಾವಾಗ ತಲೆ ತಿರುಗಿಸಿದ, ಯಾವ ಜಾಗದಲ್ಲಿ ಥ್ರಾಟಲ್ ಸದ್ದು ಮತ್ತೆ ಶುರುವಾಯಿತು ಎಲ್ಲ ಕಣ್ಣಿಗೆ ಬೀಳುತ್ತದೆ. ನಿಧಾನದವನ ಎಂಜಿನ್ ಸದ್ದು ತಿರುವಿನ ಮಧ್ಯೆ ಏರಿ ಇಳಿಯುತ್ತಿರುತ್ತದೆ. ವೇಗದವನದು ಒಮ್ಮೆ ಇಳಿದು ಒಮ್ಮೆ ಏರುತ್ತದೆ, ಅಷ್ಟೇ. ಜೊತೆಗೆ ಬಾವುಟಗಳೂ ಬಾಯಿಪಾಠ ಆಗುತ್ತವೆ. ಹಳದಿ ಕಂಡರೆ ಮುಂದೆ ಅಪಾಯ, ಓವರ್‌ಟೇಕ್ ಮಾಡುವಂತಿಲ್ಲ. ಕೆಂಪು ಕಂಡರೆ ಸೆಷನ್ ನಿಂತಿತು, ನಿಧಾನವಾಗಿ ಪಿಟ್‌ಗೆ, ಅಂದರೆ ತಂಡಗಳು ಬೈಕ್ ನಿಲ್ಲಿಸಿಕೊಳ್ಳುವ ಜಾಗಕ್ಕೆ ಬರಬೇಕು. ಹಳದಿ ಮೇಲೆ ಕೆಂಪು ಪಟ್ಟೆ ಇದ್ದರೆ ಮುಂದೆ ಟ್ರ್ಯಾಕ್ ಜಾರುತ್ತಿದೆ. ಕಪ್ಪು ಬಾವುಟದ ಮಧ್ಯೆ ಕಿತ್ತಳೆ ಬಣ್ಣದ ದುಂಡು ಮತ್ತು ನಿಮ್ಮ ನಂಬರ್ ಕಂಡರೆ ನಿಮ್ಮ ಬೈಕ್‌ನಲ್ಲಿ ಏನೋ ಕೆಟ್ಟಿದೆ, ಬಹುಶಃ ಎಣ್ಣೆ ಸೋರುತ್ತಿದೆ, ತಕ್ಷಣ ಟ್ರ್ಯಾಕ್ ಬಿಟ್ಟು ಹೊರಗೆ ಬರಬೇಕು.

ಸಾಮಾನಿನ ವಿಷಯ. ಹೆಲ್ಮೆಟ್ ಯಾವತ್ತೂ ಹೊಸದೇ ಇರಲಿ. ಬೇರೆಯವರ ಹೆಲ್ಮೆಟ್ ಒಳಗೆ ಪೆಟ್ಟು ತಿಂದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಸುರಕ್ಷತಾ ಪರೀಕ್ಷೆ ದಾಟಿದ್ದನ್ನು ತೋರಿಸುವ ಇಸಿಇ 22.06 ಗುರುತು, ಎರಡು ಡಿ ಆಕಾರದ ಬಳೆಗಳ ಬಕಲ್ ಇರುವುದನ್ನು ನೋಡಿ. ನಿಮ್ಮ ರೇಸಿನ ನಿಯಮ ಎಫ್‌ಐಎಂ ಗುರುತನ್ನೂ ಕೇಳುತ್ತದೆಯಾ ಅಂತ ಮೊದಲೇ ಓದಿಕೊಳ್ಳಿ. ಲೆದರ್ ಸೂಟ್ ಹಳೆಯದಾದರೂ ನಡೆಯುತ್ತದೆ, ಹೊಲಿಗೆ ಗಟ್ಟಿ ಇದ್ದರೆ. ಮೈಗೆ ಬಿಗಿಯಾಗಿ ಕೂರಬೇಕು. ಸಡಿಲ ಇದ್ದರೆ ಜಾರುವಾಗ ಮೊಣಕೈಯ ಪ್ಯಾಡ್ ಸುತ್ತಿಕೊಂಡು ಬೇರೆ ಕಡೆ ಹೋಗುತ್ತದೆ. ಬೆನ್ನಿನ ಪ್ರೊಟೆಕ್ಟರ್ ಲೆವೆಲ್ 2 ತಗೊಳ್ಳಿ. ಗ್ಲೌಸ್ ಮಣಿಕಟ್ಟು ದಾಟಿ ಸೂಟ್ ತೋಳಿನ ಮೇಲೆ ಬರಬೇಕು. ಸೈಲೆನ್ಸರ್, ಸ್ಟಿಕರ್, ಬಣ್ಣ ಇವಕ್ಕೆ ಒಂದು ರೂಪಾಯಿಯೂ ಬೇಡ. ನಿಮ್ಮ ವಯಸ್ಸಿನವರು ಮೊದಲು ದುಡ್ಡು ಹಾಕುವುದು ಇದಕ್ಕೇ, ಅದಕ್ಕೆ ಹೇಳಿದೆ.

ಬೈಕ್ ನಿಮ್ಮದೇ ಆದರೆ ಕನ್ನಡಿ, ಸೈಡ್ ಸ್ಟ್ಯಾಂಡ್ ಬಿಚ್ಚಿಡಬೇಕು. ಎಣ್ಣೆಯ ಡ್ರೈನ್ ಬೋಲ್ಟ್ ಕಳಚದಂತೆ ಅದಕ್ಕೆ ತಂತಿ ಕಟ್ಟಬೇಕು. ರೇಡಿಯೇಟರ್‌ನಲ್ಲಿ ಕೂಲೆಂಟ್ ಬದಲು ಬರೀ ನೀರು ಹಾಕಲು ಹೇಳುತ್ತಾರೆ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಟ್ರ್ಯಾಕ್ ಮೇಲೆ ಚೆಲ್ಲಿದರೆ ಹಿಂದೆ ಬರುವವರೆಲ್ಲ ಜಾರುತ್ತಾರೆ.

ಈಗ ಓಡಿಸುವ ವಿಷಯಕ್ಕೆ ಬರುತ್ತೇನೆ. ಹೊಸಬರೆಲ್ಲ ಮೊದಲು ಕೇಳುವುದು, ಮೊಣಕಾಲು ನೆಲಕ್ಕೆ ತಾಗಿಸುವುದು ಹೇಗೆ ಅಂತ. ಆ ಪ್ರಶ್ನೆ ಕೇಳಿದವನನ್ನು ನಾನು ಬ್ರೇಕ್ ಕಲಿಸಲು ಕರೆದುಕೊಂಡು ಹೋಗುತ್ತೇನೆ. ಮೊಣಕಾಲು ತಾಗುವುದು ಬೇರೆಲ್ಲ ಸರಿಯಾದ ಮೇಲೆ ತಾನಾಗಿ ಬರುವಂಥದ್ದು. ಫೋಟೋಗೆ ಚೆನ್ನಾಗಿರುತ್ತದೆ, ಅಷ್ಟೇ.

ವೇಗ ಎರಡು ಪಟ್ಟಾದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ರಸ್ತೆಯಲ್ಲಿ ಬಂದ ಅಂದಾಜು ಟ್ರ್ಯಾಕ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಲ್ಲಿಸುವ ಕೆಲಸ ಬಹುಪಾಲು ಮಾಡುವುದು ಮುಂದಿನ ಬ್ರೇಕ್. ಆದರೆ ಲಿವರನ್ನು ಒಮ್ಮೆಲೇ ಹಿಡಿದರೆ ಮುಂದಿನ ಟೈರ್ ಮೇಲೆ ಭಾರ ಬೀಳುವ ಮೊದಲೇ ಅದು ಲಾಕ್ ಆಗಿ ಜಾರುತ್ತದೆ. ಮೊದಲು ಹಗುರವಾಗಿ ಒತ್ತಿ, ಫೋರ್ಕ್ ಇಳಿದು ಟೈರ್ ನೆಲಕ್ಕೆ ಅದುಮಿದ್ದು ಕೈಗೆ ಗೊತ್ತಾಗಲಿ, ಆಮೇಲೆ ಜೋರಾಗಿ ಹಿಂಡಿ. ಈ ಎರಡು ಹಂತ ಕ್ಷಣಾರ್ಧದಲ್ಲಿ ಮುಗಿಯುತ್ತವೆ, ಆದರೆ ಎರಡೂ ಇರಲೇಬೇಕು. ಬಿಡುವಾಗಲೂ ಹಾಗೇ. ತಟಕ್ಕನೆ ಬಿಟ್ಟರೆ ಮುಂಭಾಗ ಮೇಲಕ್ಕೆದ್ದು ಬೈಕ್ ಲೈನ್ ಬಿಟ್ಟು ಹೊರಗೆ ಹೋಗುತ್ತದೆ.

ಟೈರಿನ ಗ್ರಿಪ್ ಜೇಬಿನಲ್ಲಿರುವ ದುಡ್ಡಿನ ಹಾಗೆ, ಇರುವುದೇ ಇಷ್ಟು. ಬ್ರೇಕಿಗೆ ಎಷ್ಟು ಖರ್ಚು ಮಾಡುತ್ತೀರೋ, ಬೈಕ್ ವಾಲಿಸಲು ಅಷ್ಟು ಕಡಿಮೆ ಉಳಿಯುತ್ತದೆ. ಬೈಕ್ ಜಾಸ್ತಿ ವಾಲಿದಂತೆಲ್ಲ ಬ್ರೇಕ್ ಸಡಿಲಿಸುತ್ತಾ ಹೋಗಬೇಕು. ಹೊರಗೆ ಬರುವಾಗ ಇದರ ಉಲ್ಟಾ: ಬೈಕ್ ನೆಟ್ಟಗಾದಂತೆ ಥ್ರಾಟಲ್ ಜಾಸ್ತಿ ಮಾಡಬೇಕು. ಪೂರ್ತಿ ವಾಲಿರುವಾಗಲೇ ಥ್ರಾಟಲ್ ಒರಟಾಗಿ ತಿರುವಿದರೆ ಹಿಂದಿನ ಟೈರ್ ಜಾರಿ, ಮತ್ತೆ ಗಪ್ಪನೆ ಹಿಡಿದು, ನಿಮ್ಮನ್ನು ಗಾಳಿಗೆ ಎಸೆಯುತ್ತದೆ. ಇದು ಹೈಸೈಡ್. ಬೈಕ್ ಒಳಬದಿಗೆ ಜಾರಿ ಬೀಳುವುದು ಲೋಸೈಡ್, ಅದರಲ್ಲಿ ಪೆಟ್ಟು ಸಾಮಾನ್ಯವಾಗಿ ಕಡಿಮೆ. ಹೈಸೈಡ್ ಆದವರು ಎಷ್ಟೋ ಸಲ ಕೊರಳ ಪಕ್ಕದ ಎಲುಬು ಮುರಿದುಕೊಂಡು ಬರುತ್ತಾರೆ. ಹೊಸಬರು ಥ್ರಾಟಲ್ ವಿಷಯದಲ್ಲಿ ಸೋಮಾರಿಗಳಾಗಿದ್ದರೆ ನನಗೇನೂ ಬೇಜಾರಿಲ್ಲ.

ಕಣ್ಣು ಎಲ್ಲಿ ನೋಡುತ್ತದೋ ಬೈಕ್ ಅಲ್ಲಿಗೆ ಹೋಗುತ್ತದೆ. ಮುಂದಿನವನ ಹಿಂದಿನ ಚಕ್ರವನ್ನೇ ನೋಡುತ್ತಾ ಓಡಿಸಿದರೆ, ಅವನು ಹೊರಗೆ ಹೋದಾಗ ನೀವೂ ಅವನ ಹಿಂದೆಯೇ ಹುಲ್ಲಿಗೆ ಇಳಿಯುತ್ತೀರಿ. ಬ್ರೇಕ್ ಹಿಡಿಯುವ ಜಾಗ, ಏಪೆಕ್ಸ್ (ತಿರುವಿನ ಒಳ ಅಂಚಿಗೆ ಅತಿ ಹತ್ತಿರ ಬರುವ ಜಾಗ), ಹೊರಗೆ ಬರುವ ಜಾಗ, ಹೀಗೆ ಒಂದಕ್ಕಿಂತ ಒಂದು ಮುಂದೆ ಕಣ್ಣು ಓಡಬೇಕು. ಏಪೆಕ್ಸ್ ಸ್ವಲ್ಪ ತಡವಾಗಿ ಮುಟ್ಟುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬೇಗ ಮುಟ್ಟಿದವನಿಗೆ ತಿರುವಿನ ಕೊನೆಯಲ್ಲಿ ಜಾಗ ಸಾಲುವುದಿಲ್ಲ. ಕೈಗಳು ಸಡಿಲ ಇರಲಿ, ಟ್ಯಾಂಕನ್ನು ತೊಡೆಯಿಂದ ಹಿಡಿಯಿರಿ. ಇದಕ್ಕೆ ಕಾಲು, ಸೊಂಟ ಗಟ್ಟಿ ಇರಬೇಕು. ಸೈಕಲ್ ತುಳಿಯಿರಿ. ಸಾಧ್ಯವಾದರೆ ಮಣ್ಣಿನ ಟ್ರ್ಯಾಕ್ ಮೇಲೆ ಸಣ್ಣ ಬೈಕ್ ಓಡಿಸಿ, ಅಲ್ಲಿ ಜಾರುವುದು ಕಡಿಮೆ ವೇಗದಲ್ಲೇ ಕಲಿಯಲು ಸಿಗುತ್ತದೆ. 1978ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್ ಆದ ಮೊದಲ ಅಮೆರಿಕನ್ ಕೆನ್ನಿ ರಾಬರ್ಟ್ಸ್ ಮಣ್ಣಿನಿಂದಲೇ ಬಂದವರು. ಹಲವು ಸಲ ವಿಶ್ವ ಚಾಂಪಿಯನ್ ಆದ ವ್ಯಾಲೆಂಟಿನೊ ರೊಸ್ಸಿ ಇಟಲಿಯ ತಮ್ಮೂರು ತವುಲ್ಲಿಯಾದಲ್ಲಿ ಮಣ್ಣಿನ ಟ್ರ್ಯಾಕನ್ನೇ ಕಟ್ಟಿಸಿ ಹುಡುಗರನ್ನು ಬೆಳೆಸುತ್ತಿದ್ದಾರೆ.

ಇದ್ಯಾವುದನ್ನೂ ರಸ್ತೆಯಲ್ಲಿ ಅಭ್ಯಾಸ ಮಾಡಬೇಡಿ. ಬೆಳಗಿನ ಜಾವ ಯಾರೂ ಇರುವುದಿಲ್ಲ ಅನ್ನುವ ಮಾತು ಬೇಡ. ರಸ್ತೆಯಲ್ಲಿ ಎದುರಿನಿಂದ ಲಾರಿ ಬರುತ್ತದೆ, ತಿರುವಿನಲ್ಲಿ ಮರಳು ಇರುತ್ತದೆ, ಜಾರಿದರೆ ಕಂಬಕ್ಕೋ ತಡೆಗೋಡೆಗೋ ಬಡಿಯುತ್ತೀರಿ. ಟ್ರ್ಯಾಕ್‌ನಲ್ಲಿ ಒಂದೇ ತಿರುವು ಮತ್ತೆ ಮತ್ತೆ ಸಿಗುತ್ತದೆ, ಹಾಗಾಗಿ ಒಂದೊಂದು ಲ್ಯಾಪ್‌ಗೂ ಒಂದೊಂದು ಅಂಶ ಬದಲಿಸಿ ನೋಡಬಹುದು. ರಸ್ತೆಯಲ್ಲಿ ಆ ಅವಕಾಶವೇ ಇಲ್ಲ, ಹಾಗಾಗಿ ಅಪಾಯದ ಮಾತು ಬಿಟ್ಟರೂ ಕಲಿಯಲು ಅದು ಕೆಟ್ಟ ಜಾಗ.

ಬೀಳುತ್ತೀರಿ. ಬಿದ್ದಾಗ ಹ್ಯಾಂಡಲ್ ಬಿಟ್ಟುಬಿಡಿ, ಬೈಕ್ ತನ್ನ ದಾರಿಗೆ ಹೋಗಲಿ. ಪೂರ್ತಿ ನಿಂತಿದ್ದೇನೆ ಅಂತ ಖಾತ್ರಿ ಆಗುವವರೆಗೂ ಏಳಬೇಡಿ. ಜಾರುತ್ತಿರುವಾಗಲೇ ನಿಂತೆವು ಅನ್ನಿಸುತ್ತದೆ, ಆಗ ಎದ್ದವರು ಉರುಳಿ ಕೈಕಾಲು ಮುರಿದುಕೊಳ್ಳುತ್ತಾರೆ. ಎದ್ದ ಮೇಲೆ ಬರುವ ಬೈಕ್‌ಗಳನ್ನು ನೋಡಿಕೊಂಡು ತಡೆಗೋಡೆಯ ಆಚೆ ಹೋಗಿ. ತಲೆಗೆ ಪೆಟ್ಟಾಗಿದ್ದರೆ ಅವತ್ತು ಮತ್ತೆ ಬೈಕ್ ಹತ್ತಬಾರದು, ಚೆನ್ನಾಗೇ ಇದ್ದೇನೆ ಅನ್ನಿಸಿದರೂ ಸರಿ. ಹೊಸ ಹೆಲ್ಮೆಟ್ ತಗೊಳ್ಳಬೇಕು.

ಮೊದಲ ರೇಸಿನಲ್ಲಿ ಕೊನೆಯವರೆಗೆ ಓಡಿಸಿ ಮುಗಿಸುವುದೊಂದೇ ಗುರಿ ಇರಲಿ. ಮೊದಲ ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಅಲ್ಲಿ ಎರಡು ಸ್ಥಾನ ಹೋದರೆ ಹೋಗಲಿ. ಹಿಂದಿನಿಂದ ವೇಗದವರು ಬಂದರೆ ತಿರುಗಿ ನೋಡಬೇಡಿ, ತಟಕ್ಕನೆ ಪಕ್ಕಕ್ಕೆ ಸರಿಯಲೂ ಹೋಗಬೇಡಿ. ನಿಮ್ಮ ಲೈನ್ ಹಿಡಿದು ಹೋಗಿ, ಸುರಕ್ಷಿತವಾಗಿ ದಾಟುವ ಜವಾಬ್ದಾರಿ ಅವರದು. ಅಭ್ಯಾಸದಲ್ಲಿ ಒಂದು ವೇಗದ ಲ್ಯಾಪ್‌ಗಿಂತ, ಒಂದರ ಹಿಂದೆ ಒಂದು ಐದಾರು ಲ್ಯಾಪ್‌ಗಳ ಸಮಯದ ವ್ಯತ್ಯಾಸ ಒಂದು ಸೆಕೆಂಡಿನ ಒಳಗೇ ಇದೆಯಾ ಅಂತ ನೋಡಿ. ನಾನು ಹುಡುಗರನ್ನು ಅಳೆಯುವುದು ಇದರಿಂದಲೇ.

ಇನ್ನು ಮನೆಯವರು. 18 ತುಂಬಿಲ್ಲದ ಕಾರಣ ಅನುಮತಿ ಪತ್ರಕ್ಕೆ ಅವರ ಸಹಿ ಬೇಕೇ ಬೇಕು. ನೀವೇ ಸಹಿ ಹಾಕುವ ಯೋಚನೆ ಇದ್ದರೆ ಬಿಡಿ, ಏನಾದರೂ ಆದಾಗ ವಿಮೆಯ ದುಡ್ಡು ಕೈಗೆ ಬರುವುದಿಲ್ಲ. ಅಪ್ಪ ಅಮ್ಮನ ಜೊತೆ ವಾದ ಮಾಡುವ ಬದಲು ಒಂದು ರೇಸ್ ದಿನ ಅವರನ್ನು ಕರೆದುಕೊಂಡು ಹೋಗಿ. ಆಂಬುಲೆನ್ಸ್, ವೈದ್ಯರು ಇಲ್ಲದೆ ರೇಸ್ ಶುರು ಮಾಡುವುದಿಲ್ಲ ಅನ್ನುವುದನ್ನು ಅವರೇ ನೋಡಲಿ. ಬಿದ್ದವರಲ್ಲಿ ಹೆಚ್ಚಿನವರು ಎದ್ದು ನಡೆದು ಬರುವುದನ್ನೂ ನೋಡಲಿ, ಸ್ಟ್ರೆಚರ್ ಮೇಲೆ ಹೋಗುವವರಿದ್ದರೆ ಅದನ್ನೂ ನೋಡಲಿ. ಬೇರೆ ಹುಡುಗರ ತಂದೆ ತಾಯಿ ಪಿಟ್‌ನಲ್ಲಿ ಸಿಗುತ್ತಾರೆ, ಖರ್ಚು ಎಷ್ಟು, ಓದು ಹೇಗೆ ನಡೆಯುತ್ತಿದೆ ಅಂತ ಅವರ ಹತ್ತಿರವೇ ಕೇಳಲು ಬಿಡಿ. ನೀವು ಅಲ್ಲಿ ಪಕ್ಕದಲ್ಲಿ ನಿಂತು ಮಧ್ಯೆ ಬಾಯಿ ಹಾಕದಿದ್ದರೆ ಇನ್ನೂ ಒಳ್ಳೆಯದು.