ಪಟ್ಟಿ ಬೇಡ, ಒಂದು ಪುಸ್ತಕ ಹೇಳಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಇಷ್ಟು: ‘ಇತ್ತೀಚೆಗೆ ಯಾರು ಏನು ಓದಿದರು, ಏನು ಕೇಳಿದರು ಎಂಬುದನ್ನು ಪರಸ್ಪರ ಹಂಚಿಕೊಳ್ಳಲು ಪತ್ರಿಕೆಯಲ್ಲಿ ಒಂದು ಪುಟ ಇರಬೇಕು. ಪಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯದು. ಆದರೆ ತಾಳಮದ್ದಳೆಯ (ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಧ್ವನಿಮುದ್ರಣಗಳನ್ನೂ ಅದರಲ್ಲಿ ಸೇರಿಸಿದರೆ ಓದಿನ ತೂಕ ಕಡಿಮೆಯಾಗುವುದಿಲ್ಲವೇ?’

ಸಂಪಾದಕರ ಉತ್ತರ

ಮಾನ್ಯರೇ,

ಪುಟ ಬೇಕೆಂಬ ನಿಮ್ಮ ಮಾತನ್ನು ಒಪ್ಪಿದ್ದೇವೆ. ಮುಂದಿನ ಸಂಚಿಕೆಯಿಂದ ಅದು ಆರಂಭವಾಗುತ್ತದೆ. ಪಟ್ಟಿ ದೊಡ್ಡದಿರಬೇಕೆಂಬುದನ್ನು ಮಾತ್ರ ಒಪ್ಪಲಾರೆವು. ಪುಸ್ತಕಗಳ ಮುಖಪುಟಗಳು ವಾಟ್ಸಾಪ್ ಗುಂಪುಗಳಲ್ಲಿ ದಿನವೂ ಬಂದು ಬೀಳುತ್ತಿವೆ. ‘ಓದಲೇಬೇಕಾದ ಕೃತಿ’ ಎಂಬ ಒಕ್ಕಣೆಗೆ ಹತ್ತು ಮಂದಿ ಕೈಮುಗಿದು ಸುಮ್ಮನಾಗುತ್ತಾರೆ. ಕಾಸರಗೋಡಿನ ಓದುಗನಿಗೆ ಕನ್ನಡ ಪುಸ್ತಕವೆಂದರೆ ಬಹುಮಟ್ಟಿಗೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನ ಅಂಗಡಿ, ಇಲ್ಲವೇ ಅಂಚೆ. ಅಷ್ಟು ಶ್ರಮ ವಹಿಸಿ ತರಿಸಿಕೊಳ್ಳುವವನಿಗೆ ಈ ಪುಸ್ತಕ ಎಂಥವರಿಗೆ ಹಿಡಿಸೀತು, ಎಲ್ಲಿ ತಾಳ್ಮೆ ಬೇಕಾದೀತು ಎಂಬುದನ್ನು ಹೇಳದೆ ಬರಿಯ ಹೆಸರನ್ನು ದಾಟಿಸಿದರೆ ಅದು ಶಿಫಾರಸು ಎನಿಸದು.

ಒಂದು ಉದಾಹರಣೆ ಕೊಡುತ್ತೇವೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಹೆಸರು ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. 1981ರಲ್ಲಿ ಅದು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದನ್ನು ನೆನಪಿಟ್ಟವರೂ ಇದ್ದಾರೆ. ಆದರೆ ನಮ್ಮೂರ ಹೊಳೆಯ ಹೆಸರಿದೆ ಎಂಬ ಅಭಿಮಾನದಿಂದ ಕೊಂಡು ಕಪಾಟಿನಲ್ಲಿಟ್ಟವರೇ ಹೆಚ್ಚೇನೋ ಎಂಬ ಗುಮಾನಿ ನಮಗಿದೆ. ತಲಾಖ್ ಆದ ಹೆಣ್ಣು ಮೊದಲಿನ ಗಂಡನನ್ನು ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆಗೆ ಸಿಕ್ಕಿಕೊಂಡ ನಾದಿರಾಳ ಕಥೆ ಅದು, ಸಣ್ಣ ಕಾದಂಬರಿ, ಕಾಲೇಜಿಗೆ ಹೋಗುವ ಹುಡುಗಿಗೂ ಅವಳ ಅಜ್ಜಿಗೂ ಒಟ್ಟಿಗೇ ಕೊಡಬಹುದಾದದ್ದು ಎಂದು ಹೇಳಿದರೆ ಪುಸ್ತಕ ಕಪಾಟಿನಿಂದ ಕೆಳಗಿಳಿಯುತ್ತದೆ. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ದ ದಾರಿಯೇ ಬೇರೆ. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ತೆಂಕಣಕ್ಕೆ ಹೊರಟ ಸಾರಸ್ವತರ ತಲೆಮಾರುಗಳನ್ನು ಹಿಂಬಾಲಿಸುವ ಈ ದೊಡ್ಡ ಕಾದಂಬರಿಗೆ 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಎಂಬುದಕ್ಕಿಂತ, ಪಾತ್ರಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಳೆಗಾಲದಲ್ಲಿ ನಿಧಾನವಾಗಿ ಓದಿ ಎಂಬ ಸಲಹೆಯೇ ಓದುಗನಿಗೆ ಹೆಚ್ಚು ಉಪಕಾರಿ.

ಇನ್ನು ಕೇಳುವ ವಿಚಾರ. ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಮಾತನಾಡುತ್ತ, ಶಾಲೆಯಲ್ಲಿ ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಕ್ಕಳು ಈಗ ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಕನ್ನಡ ಕಿವಿಗೆ ಬಿದ್ದರೆ ಅವರಿಗೆ ಅರ್ಥವಾಗುತ್ತದೆ. ಓದಲು ಕುಳಿತರೆ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾರೆ. ಅವರ ಕೈಗೆ ನೇರವಾಗಿ ಕಾದಂಬರಿ ಕೊಟ್ಟು ‘ಈಗಿನವರು ಓದುವುದಿಲ್ಲ’ ಎಂದು ಗೊಣಗುವುದಕ್ಕಿಂತ ಮೊದಲು ಒಂದು ‘ವಾಲಿಮೋಕ್ಷ’ ತಾಳಮದ್ದಳೆಯನ್ನು ಕೇಳಿಸುವುದು ಲೇಸು. ಅದರಿಂದ ಓದಿನ ತೂಕ ಇಳಿಯುವುದಿಲ್ಲ. ಓದಿಗೆ ಬಾರದವರೂ ಭಾಷೆಯ ಒಳಗೆ ಉಳಿಯುತ್ತಾರೆ.

ಆದರೆ ತಾಳಮದ್ದಳೆಯನ್ನು ಶಿಫಾರಸು ಮಾಡುವುದು ಪುಸ್ತಕವನ್ನು ಹೇಳಿದಷ್ಟು ಸುಲಭವಲ್ಲ. ಭಾಗವತರು ಹಾಡುವ ಪದ ಪ್ರಸಂಗದ ಪುಸ್ತಕದಲ್ಲಿ ಇದ್ದದ್ದೇ. ಅದರ ಮೇಲೆ ಅರ್ಥಧಾರಿ, ಅಂದರೆ ಪಾತ್ರ ವಹಿಸಿ ಕುಳಿತವನು, ಆಡುವ ಮಾತು ಆ ಹೊತ್ತಿಗೆ, ಎದುರಿಗೆ ಕುಳಿತವನ ಮಾತಿಗೆ ತಕ್ಕಂತೆ ಹುಟ್ಟುವಂಥದ್ದು. ಆದ್ದರಿಂದ ‘ವಾಲಿಮೋಕ್ಷ ಕೇಳಿ’ ಎಂದಷ್ಟೇ ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ಎದುರು ರಾಮನಾಗಿ ಕುಳಿತವರು ಯಾರು, ಭಾಗವತಿಕೆ ಯಾರದು, ಎಷ್ಟನೆಯ ನಿಮಿಷದಿಂದ ಕೇಳಬೇಕು ಎಂಬುದೆಲ್ಲ ಬೇಕು. ಹಳೆಯ ಧ್ವನಿಮುದ್ರಣಗಳಲ್ಲಿ ಆರಂಭದ ಸಾಕಷ್ಟು ಹೊತ್ತು ಮೈಕಿನ ಕೂಗು, ಮದ್ದಳೆಯ ಶ್ರುತಿ ಕೂಡಿಸುವ ಸದ್ದು, ಸಭೆಯ ಕೆಮ್ಮು ಇವೇ ತುಂಬಿರುತ್ತವೆ. ಹೊಸ ಕೇಳುಗ ಅಲ್ಲಿಯೇ ಮೊಬೈಲು ಕೆಳಗಿಡುತ್ತಾನೆ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವಲ್ಲಿಗೆ ಅವನನ್ನು ನೇರವಾಗಿ ಕರೆದೊಯ್ದರೆ, ಆರಂಭವನ್ನು ಅವನೇ ಆಮೇಲೆ ಹುಡುಕಿಕೊಂಡು ಬರುತ್ತಾನೆ. ಅರ್ಥದ ವಾದವಿವಾದ ಹಿಡಿಸದವರಿಗೆ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಪದಗಳನ್ನು ಮಾತ್ರ ಕೇಳಿಸಬಹುದು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ತಾಳಮದ್ದಳೆ ಕೂಟಗಳ ಕಾಲ. ಹತ್ತಿರದಲ್ಲಿ ಕೂಟ ನಡೆಯುವುದಿದ್ದರೆ ಧ್ವನಿಮುದ್ರಣಕ್ಕಿಂತ ಅದನ್ನೇ ಹೇಳಿ.

ಹಂಚುವುದರಲ್ಲಿ ಒಂದು ಎಚ್ಚರವೂ ಬೇಕು. ಪುಸ್ತಕವನ್ನು ಪುಟಪುಟವಾಗಿ ಚಿತ್ರ ತೆಗೆದು ಗುಂಪಿಗೆ ಹಾಕುವುದು ಉದಾರತೆಯೆಂದು ಕೆಲವರು ತಿಳಿದಿದ್ದಾರೆ. ಲೇಖಕರು ತೀರಿಕೊಂಡು 60 ವರ್ಷ ತುಂಬುವವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಸಾರಾ ಅಬೂಬಕ್ಕರ್ ತೀರಿಕೊಂಡದ್ದು 2023ರಲ್ಲಿ. ಹಾಗೆ ಹಂಚಲೇಬೇಕೆಂಬ ಉತ್ಸಾಹವಿದ್ದವರಿಗೆ ಮಂಜೇಶ್ವರದ ಕವಿ ಗೋವಿಂದ ಪೈಗಳಿದ್ದಾರೆ. 1963ರಲ್ಲಿ ತೀರಿಕೊಂಡ ಅವರ ಕೃತಿಗಳು 2024ರ ಜನವರಿಯಿಂದ ಸಾರ್ವಜನಿಕ ಸೊತ್ತಾಗಿವೆ. ‘ಗಿಳಿವಿಂಡು’ ಸಂಕಲನದಿಂದ ಒಂದು ಕವಿತೆಯನ್ನು ಗಟ್ಟಿಯಾಗಿ ಓದಿ, ದಾಖಲಿಸಿ, ಯಾರ ಅಪ್ಪಣೆಯೂ ಇಲ್ಲದೆ ಯಾರಿಗೆ ಬೇಕಾದರೂ ಕಳುಹಿಸಬಹುದು. 1911ರಲ್ಲೇ ಪ್ರಾಸವನ್ನು ಕೈಬಿಟ್ಟ ಕವಿ ಲಯವನ್ನು ಹೇಗೆ ಹಿಡಿದಿಟ್ಟರೆಂಬುದು ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ.

ಹೊಸ ಪುಟಕ್ಕೆ ಬರೆಯುವವರು ಒಂದು ಸಲಕ್ಕೆ ಒಂದೇ ಕೃತಿಯನ್ನೋ ಒಂದೇ ಧ್ವನಿಮುದ್ರಣವನ್ನೋ ಆರಿಸಿಕೊಂಡು, ತಮಗೆ ಗೊತ್ತಿರುವ ಒಬ್ಬರಿಗೆ ಹೇಳುವಂತೆ ನೂರೈವತ್ತು ಪದಗಳ ಒಳಗೆ ಬರೆಯಬೇಕು. ಹಿಡಿಸದ ಭಾಗವನ್ನೂ ಹೇಳಬಹುದು. ಮಲಯಾಳದಿಂದ ಕನ್ನಡಕ್ಕೆ ಬಂದ ಕೃತಿಗಳಿಗೆ, ತುಳುವಿನವುಗಳಿಗೆ ಧಾರಾಳವಾಗಿ ಜಾಗವಿದೆ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19ರಂದು ನಡೆಯುವ ವಾಚನ ದಿನಕ್ಕಾಗಿ ಶಾಲಾಮಕ್ಕಳು ಬರೆದ ಪುಸ್ತಕ ಪರಿಚಯಗಳನ್ನು ಅಧ್ಯಾಪಕರು ತಿದ್ದದೆ ಕಳುಹಿಸಿದರೆ ದೊಡ್ಡವರ ಬರಹಗಳಿಗಿಂತ ಮೊದಲು ಅಚ್ಚು ಹಾಕುತ್ತೇವೆ.