ಟೌ ಬೀಟಾ ಪೈ ಸೇರಲು ದುಡ್ಡು ಕಟ್ಟಬೇಕಾ?

ಪ್ರಶ್ನೆ: ನಾನು ರಾಯಚೂರಿನ ಗಂಜಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತೇನೆ. ಮಗಳು ಅಮೆರಿಕದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾಳೆ. ಟೌ ಬೀಟಾ ಪೈ ಅನ್ನುವ ಸಂಘ ಅವಳನ್ನು ಆರಿಸಿದೆಯಂತೆ, ಸೇರಲು ದುಡ್ಡು ಕಟ್ಟಬೇಕಂತೆ. ಥೀಟಾ ಟೌ ಅನ್ನುವ ಫ್ರಟರ್ನಿಟಿ, ಅಂದರೆ ವಿದ್ಯಾರ್ಥಿ ಕೂಟದವರೂ ಕರೆಯುತ್ತಿದ್ದಾರೆ. ರ್‍ಯಾಗಿಂಗ್ ಇರುತ್ತದೇನೋ ಅಂತ ನಮ್ಮ ಮನೆಯವಳಿಗೆ ಭಯ. ಎರಡೂ ಒಂದೇನಾ? ದುಡ್ಡು ಕೀಳುವ ದಂಧೆನಾ?

ಉತ್ತರ: ಮೊದಲು ಮಗಳಿಗೆ ಶಭಾಷ್ ಅನ್ನಿ ಸರ್. ಟೌ ಬೀಟಾ ಪೈ ಅಂದರೆ ಎಂಜಿನಿಯರಿಂಗ್‌ನಲ್ಲಿ ಚೆನ್ನಾಗಿ ಓದುವವರ ಗೌರವ ಸಂಘ, ಅದರ ಕರೆ ಸುಮ್ನೆ ಬರುವುದಿಲ್ಲ. ಮೂರನೇ ವರ್ಷದವರು ಎಂಜಿನಿಯರಿಂಗ್ ತರಗತಿಯ ಮೇಲಿನ ಎಂಟನೇ ಒಂದು ಭಾಗದಲ್ಲಿರಬೇಕು, ಅಂದರೆ 80 ಜನರಿದ್ದರೆ ಮೊದಲ ಹತ್ತರೊಳಗೆ. ಕೊನೆಯ ವರ್ಷದವರಿಗೆ ಐದನೇ ಒಂದು ಭಾಗ. ಅಂಕದ ಜೊತೆ ನಡತೆಯನ್ನೂ ನೋಡುತ್ತಾರೆ. 1885ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ವಿಲಿಯಮ್ಸ್ ಅನ್ನುವ ಪ್ರಾಧ್ಯಾಪಕರು ಇದನ್ನು ಶುರು ಮಾಡಿದರು, ಯಾಕೆಂದರೆ ಫೈ ಬೀಟಾ ಕಪ್ಪ ಅನ್ನುವ ಹಳೇ ಗೌರವ ಸಂಘದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಜಾಗ ಇರಲಿಲ್ಲ. ಆದರೆ ಇವರೂ 1969ರವರೆಗೆ ಹೆಣ್ಣುಮಕ್ಕಳನ್ನು ಪೂರ್ತಿ ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಬೇರೆ ಒಂದು ಬ್ಯಾಡ್ಜ್ ಕೊಟ್ಟು ಸುಮ್ಮನಾಗುತ್ತಿದ್ದರು! ನಿಮ್ಮ ಮಗಳಿಗೆ ಈಗ ಆ ತಾಪತ್ರಯ ಇಲ್ಲ.

ದುಡ್ಡು ಸೇರುವಾಗ ಒಂದು ಸಲ ಕಟ್ಟುವುದು, ಸದಸ್ಯತ್ವ ಜೀವನಪೂರ್ತಿ. ದಂಧೆ ಅಲ್ಲ. ಹಾಗಂತ ದುಡ್ಡು ಕೇಳಿ ಬಂದ ಮೇಲ್ ಎಲ್ಲ ಅಸಲಿಯೂ ಅಲ್ಲ. ಗೌರವ ಸಂಘ ಅಂತ ದೊಡ್ಡ ಹೆಸರಿಟ್ಟುಕೊಂಡು ಸಿಕ್ಕಸಿಕ್ಕವರಿಗೆ ಪತ್ರ ಹಾಕುವವರೂ ಇದ್ದಾರೆ. ಕಟ್ಟುವ ಮುಂಚೆ ಮಗಳು ಡೀನ್ ಆಫೀಸಿಗೆ ಹೋಗಿ, ನಮ್ಮ ಕಾಲೇಜಿನಲ್ಲಿ ಇದರ ಶಾಖೆ ಇದೆಯಾ ಅಂತ ಒಂದು ಮಾತು ಕೇಳಲಿ.

ಥೀಟಾ ಟೌ ಬೇರೆಯೇ. 1904ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಇಲ್ಲಿ ರ್‍ಯಾಂಕ್ ಮುಖ್ಯ ಅಲ್ಲ, ಒಳಗಿರುವವರು ನಿಮ್ಮನ್ನು ಒಪ್ಪಬೇಕು. ಹುಡುಗ, ಹುಡುಗಿ ಇಬ್ಬರೂ ಸೇರಬಹುದು. ಸೀನಿಯರ್‌ಗಳ ಪರಿಚಯ ಆಗುತ್ತದೆ, ಕೆಲಸ ಹುಡುಕುವಾಗ ಅದು ಕೈ ಹಿಡಿಯುತ್ತದೆ. ಆದರೆ ಚಂದಾ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಸಮಯವೂ ಜಾಸ್ತಿ ಬೇಕು.

ಭಯದ ಮಾತಿಗೆ ಬಂದರೆ, ನಿಮ್ಮ ಮನೆಯವರು ಹೇಳುವುದರಲ್ಲಿ ತಪ್ಪಿಲ್ಲ. ಹೊಸಬರನ್ನು ಗೋಳು ಹೊಯ್ದುಕೊಳ್ಳುವುದಕ್ಕೆ ಅಲ್ಲಿ ಹೇಜಿಂಗ್ ಅನ್ನುತ್ತಾರೆ, ಬಹಳಷ್ಟು ರಾಜ್ಯಗಳಲ್ಲಿ ಅದು ಅಪರಾಧ. 2018ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯ ತನ್ನಲ್ಲಿದ್ದ ಥೀಟಾ ಟೌ ಶಾಖೆಯನ್ನೇ ಹೊರಹಾಕಿತು, ಜನಾಂಗ ನಿಂದನೆಯ ವಿಡಿಯೊ ಹೊರಬಿದ್ದಿತ್ತು. ಎಲ್ಲ ಶಾಖೆಗಳೂ ಹಾಗಿರುತ್ತವೆ ಅಂತಲ್ಲ. ಅದಕ್ಕೇ ಅವಳ ಕಾಲೇಜಿನ ಶಾಖೆ ಹೇಗಿದೆ ಅಂತ, ಅದರಲ್ಲಿದ್ದು ಬಿಟ್ಟುಬಂದ ಹುಡುಗಿಯರನ್ನು ಕೇಳಬೇಕು. ಒಳಗಿರುವವರು ಹೊಗಳುತ್ತಾರೆ, ಅಲ್ವಾ?

ನಾನಾಗಿದ್ದರೆ ಮೊದಲನೆಯದಕ್ಕೆ ಈ ವಾರವೇ ದುಡ್ಡು ಕಳಿಸುತ್ತಿದ್ದೆ. ಎರಡನೆಯದು ಅವಳಿಗೆ ಬಿಡಿ.